ಕರೆಂಟ್ ಬಿಲ್ಲೋ, ಫ್ಯಾನೋ, ಬಿಸಿನೀರೋ, ಒಲೆಯೋ? ನಮ್ಮ ಸೀಮೆಯ ಮನೆಗೆ ಸೋಲಾರ್, ಗೋಬರ್ ಗ್ಯಾಸ್ ಆರಿಸುವ ಬಗೆ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಸಿಂಧನೂರಿನಲ್ಲಿ ನೆತ್ತಿ ಸುಡುವ ಬಿಸಿಲು. ಕರೆಂಟ್ ಹೋಗಿ ಒಂದು ತಾಸಾಗಿತ್ತು. ಎದುರು ಮನೆಯ ಅಕ್ಕ ಹೊರಗಿನ ಕಟ್ಟೆಗೆ ಬಂದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು. ಅವರ ಮಾಳಿಗೆಯ ಮೇಲೆ ಆರು ಸೋಲಾರ್ ಪ್ಲೇಟ್ ಇವೆ, ಒಟ್ಟು 3 ಕಿಲೋವ್ಯಾಟ್. ಹಾಕಿಸಿ ಆಗಿನ್ನೂ ಎರಡು ತಿಂಗಳು. “ಮ್ಯಾಲೆ ಇಷ್ಟು ಬಿಸಿಲೈತಿ, ಇಷ್ಟು ಪ್ಲೇಟ್ ಅದಾವು. ಕೆಳಗ ಒಂದು ಫ್ಯಾನ್ ತಿರಗವಲ್ದು. ಯಾಕಂತ ನೀನರ ಹೇಳು ತಂಗಿ” ಎಂದರು.

ಅವರು ಹಾಕಿಸಿದ್ದು ಆನ್‌ಗ್ರಿಡ್ ಸೋಲಾರ್. ಅದು ಲೈನಿನಲ್ಲಿ ಕರೆಂಟ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಲೈನ್ ಸತ್ತ ಕೂಡಲೇ ಅದರ ಇನ್ವರ್ಟರ್ (ಪ್ಲೇಟಿನ ಕರೆಂಟನ್ನು ಮನೆಗೆ ಹೊಂದುವ ಕರೆಂಟ್ ಮಾಡುವ ಪೆಟ್ಟಿಗೆ) ಕೂಡ ತಾನಾಗಿಯೇ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ವಾ, ಅದಕ್ಕೇ ಹಾಗೆ ಮಾಡಿದ್ದಾರೆ. ಒಳ್ಳೆಯ ಕಾರಣ. ಆದರೆ ದುಡ್ಡು ಕೊಡುವ ಮೊದಲು ಈ ಮಾತನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ “ಎಷ್ಟು ಕಿಲೋವ್ಯಾಟ್ ಬೇಕು?” ಎಂದೇ ಇರುತ್ತದೆ. ನಾವು ಮನೆಯಲ್ಲೇ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಮನೆಗೆ ಕಷ್ಟ ಎಲ್ಲಿದೆ? ಬಿಲ್ ಜಾಸ್ತಿ ಬರುವುದೇ ಕಷ್ಟವಾ? ಕರೆಂಟ್ ಹೋದಾಗ ಸೆಕೆಯಲ್ಲಿ ಕೂರುವುದಾ? ಸ್ನಾನದ ನೀರಿಗೆ ಕಟ್ಟಿಗೆ ಹೊಂದಿಸುವುದಾ? ಅಥವಾ ಅಡುಗೆಯ ಸಿಲಿಂಡರ್ ಖರ್ಚಾ? ಒಂದೊಂದಕ್ಕೂ ಔಷಧಿ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಹಾಕಿದರೆ ಎದುರು ಮನೆಯ ಅಕ್ಕನ ಹಾಗೆ ಆಗುತ್ತದೆ.

ಮೊದಲು ಜೆಸ್ಕಾಂ ಬಿಲ್ ಕೈಗೆ ತೆಗೆದುಕೊಳ್ಳಿ

ಜುಲೈ 2023ರಿಂದ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದಿದೆ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿದ್ದಿರೋ, ಅದಕ್ಕೆ ಸ್ವಲ್ಪ ಸೇರಿಸಿ (ಶುರುವಿನಲ್ಲಿ ಶೇಕಡಾ 10) ಉಚಿತ ಮಿತಿ ಕಟ್ಟಿದ್ದಾರೆ. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ ಕಟ್ಟಬೇಕು.

ಈಗ ಲೆಕ್ಕ ನೋಡಿ. ತಿಂಗಳಿಗೆ 90 ಯೂನಿಟ್ ಬಳಸುವ ಮನೆಗೆ ಸೊನ್ನೆ ಬಿಲ್ ಬರುತ್ತಿದೆ. ಆ ಮನೆಯವರು ಸಾಲ ಮಾಡಿ 1 ಕಿಲೋವ್ಯಾಟ್ ಆನ್‌ಗ್ರಿಡ್ ಹಾಕಿಸಿದರೆ ಉಳಿಸುವುದು ಏನನ್ನು? ಸೊನ್ನೆಯಲ್ಲಿ ಕಳೆಯುವುದಕ್ಕೆ ಏನೂ ಇಲ್ಲ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳದ್ದು ಇದೇ ಸ್ಥಿತಿ. ಅಂಥ ಮನೆಗೆ ಬೇಕಾಗಿರುವುದು ಇನ್ನಷ್ಟು ಯೂನಿಟ್ ಅಲ್ಲ. ಕರೆಂಟ್ ಇಲ್ಲದ ಹೊತ್ತಿಗೆ ಒಂದಿಷ್ಟು ಕರೆಂಟ್ ಬೇಕು, ಬಿಸಿನೀರು ಬೇಕು, ಒಲೆಗೆ ಉರಿ ಬೇಕು.

ಬೇಸಿಗೆಯಲ್ಲಿ ಮಾತ್ರ 200ರ ಗಡಿ ದಾಟುವ ಮನೆಗಳೂ ಇವೆ. ಅವರಿಗೆ ಪ್ಲೇಟ್‌ಗಿಂತ ಮೊದಲು ಫ್ಯಾನ್ ಬದಲಿಸಿ ಎನ್ನುತ್ತೇನೆ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಈಗ ಬರುವ ಬಿಎಲ್‌ಡಿಸಿ ಫ್ಯಾನ್‌ಗೆ 30 ವ್ಯಾಟ್ ಸಾಕು. ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನ್‌ನಿಂದ ತಿಂಗಳಿಗೆ ಸುಮಾರು 20 ಯೂನಿಟ್ ಉಳಿಯುತ್ತದೆ. ಮೂರು ಫ್ಯಾನ್ ಬದಲಿಸಿದರೆ 60 ಯೂನಿಟ್. 230 ಬರುವ ಮನೆ 170ಕ್ಕೆ ಇಳಿಯಿತು. ಮೂರು ಫ್ಯಾನ್‌ಗೆ ಎಂಟು–ಒಂಬತ್ತು ಸಾವಿರ ಆಗಬಹುದು. ಇಷ್ಟು ಕಡಿಮೆ ದುಡ್ಡಿನಲ್ಲಿ ಇಷ್ಟು ಫಲ ಕೊಡುವ ಸೋಲಾರ್ ನಾನು ನೋಡಿಲ್ಲ.

ನಿಜವಾಗಿ ಬಿಲ್ ಭಾರವಾಗಿರುವ ಮನೆಗೆ ಆನ್‌ಗ್ರಿಡ್

ಎದುರು ಮನೆಯ ಅಕ್ಕನ ಮನೆಯಲ್ಲಿ ಎರಡು ಕೂಲರ್, ಒಂದು ಎಸಿ, ಫ್ರಿಡ್ಜ್, ಮೇಲೆ ಬಾಡಿಗೆಗೆ ಒಂದು ರೂಮು. ತಿಂಗಳಿಗೆ 320 ಯೂನಿಟ್ ಬರುತ್ತದೆ. ಯೂನಿಟ್‌ಗೆ ಹತ್ತಿರ ಹತ್ತಿರ 6 ರೂಪಾಯಿ ಹಿಡಿದರೆ 1,900 ರೂಪಾಯಿ ದಾಟಿತು. ಅವರ ಮಟ್ಟಿಗೆ ಆನ್‌ಗ್ರಿಡ್ ಸರಿಯಾದ ಆಯ್ಕೆಯೇ. ಫ್ಯಾನ್ ತಿರುಗಲಿಲ್ಲ ಎನ್ನುವುದು ಬೇರೆ ವಿಷಯ.

1 ಕಿಲೋವ್ಯಾಟ್ ಪ್ಲೇಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಎಂದರೆ ತಿಂಗಳಿಗೆ 360 ಯೂನಿಟ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನ. ಒಟ್ಟು 78,000. ಮೂರಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಅಕ್ಕನ ಮನೆಯಲ್ಲಿ ಒಟ್ಟು ಖರ್ಚು 1,95,000 ಆಯಿತು. ಸಹಾಯಧನ ಕಳೆದು 1,17,000 ಕೈಯಿಂದ. ತಿಂಗಳಿಗೆ 1,900 ಉಳಿದರೂ ಐದು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ. ಪ್ಲೇಟ್ 25 ವರ್ಷ ಬಾಳುವ ವಸ್ತು. ಇನ್ವರ್ಟರ್ ಮಾತ್ರ ನಡುವೆ ಒಮ್ಮೆ ಬದಲಿಸಬೇಕಾಗಿ ಬರಬಹುದು.

ಇಲ್ಲಿ ಎಚ್ಚರ ಇರಬೇಕಾದ ಮೂರು ಮಾತು ಇವೆ. ಸಹಾಯಧನ ಮೊದಲೇ ಸಿಗುವುದಿಲ್ಲ. ಪ್ಲೇಟ್ ಕೂಡಿಸಿ, ತಪಾಸಣೆ ಆಗಿ, ಲೈನಿಗೆ ಕೊಟ್ಟದ್ದು, ಲೈನಿನಿಂದ ಪಡೆದದ್ದು ಎರಡನ್ನೂ ಎಣಿಸುವ ಮೀಟರ್ ಬಂದ ಮೇಲೆ ನಿಮ್ಮ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ದುಡ್ಡು ನೀವೇ ಹೊಂದಿಸಬೇಕು, ಇಲ್ಲ ಬ್ಯಾಂಕ್ ಸಾಲ ಮಾಡಬೇಕು. ಎರಡನೆಯದು, ಪ್ಲೇಟ್ ನಮ್ಮ ದೇಶದಲ್ಲೇ ತಯಾರಾದದ್ದು ಇರಬೇಕು, ಇಲ್ಲದಿದ್ದರೆ ಸಹಾಯಧನ ಇಲ್ಲ. ಮೂರನೆಯದು ನಮ್ಮ ಕಡೆ ತುಂಬಾ ಜನರನ್ನು ಸಿಕ್ಕಿಸುವ ಮಾತು: ಆರ್‌.ಆರ್. ನಂಬರ್ (ಬಿಲ್ಲಿನಲ್ಲಿರುವ ಕರೆಂಟ್ ಸಂಪರ್ಕದ ನಂಬರ್) ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಪ್ಲೇಟ್ ಬುಕ್ ಮಾಡುವ ಮೊದಲು ಮೀಟರಿನ ಹೆಸರು ಬದಲಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲು ಆಗದ ಮನೆಯಾಗಿದ್ದರೆ ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಬ್ಯಾಟರಿಯೂ ಸೇರಿದ ಹೈಬ್ರಿಡ್ ಹಾಕಿಸಿದರೆ ಕರೆಂಟ್ ಹೋದರೂ ಫ್ಯಾನ್ ತಿರುಗುತ್ತದೆ, ಬಿಲ್ಲೂ ಇಳಿಯುತ್ತದೆ. ಆದರೆ ಬ್ಯಾಟರಿಯ ಪಾಲಿಗೆ ಸಹಾಯಧನ ಇಲ್ಲ. ಅನುಕೂಲ ಇದ್ದವರಿಗೆ ಒಳ್ಳೆಯದು, ಎಲ್ಲರಿಗೂ ಅಲ್ಲ.

ಸೆಕೆಯಲ್ಲಿ ಕೂರುವುದೇ ಕಷ್ಟ ಎನ್ನುವ ಮನೆಗೆ ಒಂದು ಪ್ಲೇಟ್, ಒಂದು ಬ್ಯಾಟರಿ

ನನ್ನ ಮನೆಯ ಕಷ್ಟ ಇದೇ ಆಗಿತ್ತು. ಬಿಲ್ ಸೊನ್ನೆ. ಆದರೆ ಮೇ ತಿಂಗಳಲ್ಲಿ ಗಾಳಿ ಮಳೆ ಬಂದರೆ ಎಲ್ಲೋ ಒಂದು ಕಂಬ ಬೀಳುತ್ತದೆ, ರಾತ್ರಿಯಿಡೀ ಕರೆಂಟ್ ಇಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ, ಪರೀಕ್ಷೆಗೆ ಓದುವ ಮಗಳು.

ಇದಕ್ಕೆ ಲಕ್ಷ ರೂಪಾಯಿ ಬೇಡ. ಮೊದಲು ರಾತ್ರಿಗೆ ಏನೇನು ಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. 30 ವ್ಯಾಟಿನ ಎರಡು ಫ್ಯಾನ್ ಎಂಟು ತಾಸು ತಿರುಗಿದರೆ 480 ವ್ಯಾಟ್ ಅವರ್ (ಸಾವಿರ ವ್ಯಾಟ್ ಅವರ್ ಎಂದರೆ ಒಂದು ಯೂನಿಟ್). 9 ವ್ಯಾಟಿನ ಮೂರು ಬಲ್ಬು ನಾಲ್ಕು ತಾಸು ಉರಿದರೆ 108. ಮೊಬೈಲ್ ಗಿಬೈಲ್ ಚಾರ್ಜಿಗೆ 100 ಇಟ್ಟುಕೊಳ್ಳಿ. ಎಲ್ಲ ಸೇರಿ 700ರ ಒಳಗೆ.

150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ (ಮನೆಯ ಇನ್ವರ್ಟರಿಗೆ ಹಾಕುವ ಆಸಿಡ್ ಬ್ಯಾಟರಿ) 12 ವೋಲ್ಟ್ ಲೆಕ್ಕದಲ್ಲಿ 1,800 ವ್ಯಾಟ್ ಅವರ್ ಇರುತ್ತದೆ. ಅದನ್ನು ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಹಾಳು. ಅರ್ಧ ಬಳಸಬೇಕು. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು ಸುಮಾರು 750. ಅಂದರೆ ಒಂದು ಬ್ಯಾಟರಿಯಲ್ಲಿ ಬೆಳಗಿನವರೆಗೆ ದಾಟಬಹುದು. ಅದೇ ಹಳೆಯ 75 ವ್ಯಾಟಿನ ಫ್ಯಾನ್ ಆಗಿದ್ದರೆ ಎರಡು ಫ್ಯಾನಿಗೇ 1,200 ಬೇಕು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಫ್ಯಾನ್ ನಿಲ್ಲುತ್ತದೆ. ಮತ್ತೆ ಫ್ಯಾನಿನ ಮಾತೇ ಬಂತು ನೋಡಿ. ಕೂಲರ್ ಅನ್ನು ಇದರ ಮೇಲೆ ಓಡಿಸುವ ಆಸೆ ಬಿಡಿ.

ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇದ್ದರೆ ಅದನ್ನು ಎಸೆಯಬೇಕಿಲ್ಲ. ಒಂದು ಪ್ಲೇಟ್, ಒಂದು ಸೋಲಾರ್ ಚಾರ್ಜ್ ಕಂಟ್ರೋಲರ್ (ಪ್ಲೇಟಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪೆಟ್ಟಿಗೆ) ಕೊಂಡು ಅದೇ ಬ್ಯಾಟರಿಗೆ ಜೋಡಿಸಬಹುದು. ನಾನು ಮಾಡಿದ್ದು ಹೀಗೇ. 330 ವ್ಯಾಟಿನ ಒಂದೇ ಪ್ಲೇಟ್. ಕಂಟ್ರೋಲರ್ ಕೊಳ್ಳುವಾಗ ಒಂದು ವಿಷಯ ನೋಡಿ. ಪಿಡಬ್ಲ್ಯೂಎಂ ಎನ್ನುವುದು ಅಗ್ಗ, ಎಂಪಿಪಿಟಿ ಎನ್ನುವುದು ದುಬಾರಿ. 12 ವೋಲ್ಟಿನ ಚಿಕ್ಕ ಪ್ಲೇಟ್ ಇದ್ದರೆ ಅಗ್ಗದ್ದು ಸಾಕು. ಈಗ ಎಲ್ಲ ಕಡೆ ಸಿಗುವ ದೊಡ್ಡ ಪ್ಲೇಟಿನ ವೋಲ್ಟೇಜ್ ಇದರ ಎರಡು ಪಟ್ಟು ಇರುತ್ತದೆ. ಅದನ್ನು ಪಿಡಬ್ಲ್ಯೂಎಂಗೆ ಕಟ್ಟಿದರೆ ಅರ್ಧದಷ್ಟು ಕರೆಂಟ್ ಸುಮ್ನೆ ಹಾಳಾಗುತ್ತದೆ. ದೊಡ್ಡ ಪ್ಲೇಟಿಗೆ ಎಂಪಿಪಿಟಿಯೇ ಹಾಕಿಸಿ.

ಬ್ಯಾಟರಿ ಇಡುವ ಜಾಗದ ಬಗ್ಗೆ ನಾನು ಪಾಠ ಕಲಿತದ್ದು ದುಡ್ಡು ಕಳೆದುಕೊಂಡು. ನಮ್ಮ ಮೊದಲ ಬ್ಯಾಟರಿಯನ್ನು ಅಂಗಡಿಯವರು ಹಿಂದಿನ ತಗಡಿನ ಕೋಣೆಯ ಅಟ್ಟದ ಮೇಲೆ ಇಟ್ಟು ಹೋದರು. ವಯರ್ ಹತ್ತಿರವಾಗುತ್ತದೆ ಎಂದು. ಬೇಸಿಗೆಯಲ್ಲಿ ಆ ಕೋಣೆ ಬಾಣಲೆಯ ಹಾಗೆ ಕಾಯುತ್ತದೆ. ಐದು ವರ್ಷ ಬರಬೇಕಾದ ಬ್ಯಾಟರಿ ಎರಡನೆಯ ಬೇಸಿಗೆಗೆ ಸತ್ತಿತು. ಆಸಿಡ್ ಬ್ಯಾಟರಿಯ ಸುತ್ತ ಬಿಸಿ 25 ಡಿಗ್ರಿಗಿಂತ ಹತ್ತು ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ರಾಯಚೂರಿನ ಬಿಸಿಲು 40 ದಾಟುವುದು ಹೊಸ ಸುದ್ದಿಯಾ? ಹಾಗಾಗಿ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಗಾಳಿಯಾಡುವ ನೆಲದ ಮೂಲೆ ಬ್ಯಾಟರಿಗೆ ಕೊಡಿ. ಈಗ ನಮ್ಮದು ಮೆಟ್ಟಿಲ ಕೆಳಗೆ, ಕುಡಿಯುವ ನೀರಿನ ಮಡಕೆಯ ಹತ್ತಿರದ ಗೋಡೆಗೆ ಇದೆ. ಎರಡು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡುತ್ತೇನೆ. ನಲ್ಲಿ ನೀರು, ಬೋರ್ ನೀರು ಯಾವ ಕಾರಣಕ್ಕೂ ಹಾಕಬೇಡಿ.

ಲಿಥಿಯಂ ಬ್ಯಾಟರಿಗೆ ನೀರು ಹಾಕುವ ಕೆಲಸ ಇಲ್ಲ. ಅದರ ಶೇಕಡಾ 80ಕ್ಕೂ ಜಾಸ್ತಿ ಬಳಸಬಹುದು, ಬಾಳಿಕೆಯೂ ಎರಡು ಪಟ್ಟು ಬರುತ್ತದೆ. ಬೆಲೆ ಮಾತ್ರ ಜಾಸ್ತಿ. ದಿನಾ ರಾತ್ರಿ ಬ್ಯಾಟರಿ ಬಳಸುವ ಮನೆಗೆ ಲಿಥಿಯಂ ದುಡ್ಡು ಮುಟ್ಟಿಸುತ್ತದೆ. ತಿಂಗಳಿಗೆ ನಾಲ್ಕು ಸಲ ಬಳಸುವ ಮನೆಗೆ ಟ್ಯೂಬುಲರ್ ಸಾಕು. ಹಳೆಯದನ್ನು ಅಂಗಡಿಯವರು ವಾಪಸ್ ತೆಗೆದುಕೊಂಡು ದುಡ್ಡು ಮುರಿದುಕೊಳ್ಳುತ್ತಾರೆ. ಗುಜರಿಗೆ ಹಾಕಿ ಒಡೆಸಬೇಡಿ, ಒಳಗಿರುವುದು ಸೀಸ ಮತ್ತು ಆಸಿಡ್.

ದೊಡ್ಡಿಯ ಮನೆ, ಗುಳೆ ಹೋಗುವ ಮನೆ

ಲಿಂಗಸುಗೂರು, ದೇವದುರ್ಗದ ಕಡೆ ಹೊಲದ ನಡುವೆ ಇರುವ ದೊಡ್ಡಿಗಳು ನಿಮಗೆ ಗೊತ್ತು. ನನ್ನ ಸೋದರಮಾವ ಇರುವುದು ಅಂಥ ಕಡೆ. ಪಂಪ್‌ಸೆಟ್ ಲೈನಿನಲ್ಲಿ ಕರೆಂಟ್ ಬಂದಾಗ ಬಂತು. ಅಲ್ಲಿಗೆ ಆನ್‌ಗ್ರಿಡ್ ಮಾತೇ ಇಲ್ಲ. ಅವರ ಮನೆಗೆ 40 ವ್ಯಾಟಿನ ಚಿಕ್ಕ ಪ್ಲೇಟ್, ಒಂದು ಸಣ್ಣ ಬ್ಯಾಟರಿ, ಮೂರು ಎಲ್‌ಇಡಿ ದೀಪ ಸಾಕಾಗಿದೆ. ಇಂಥ ಮನೆದೀಪದ ಕೆಲಸವನ್ನು ಕರ್ನಾಟಕದಲ್ಲಿ 1995ರಿಂದ ಸೆಲ್ಕೋ ಎಂಬ ಸೋಲಾರ್ ಕಂಪನಿ ಮಾಡುತ್ತಾ ಬಂದಿದೆ. ಗ್ರಾಮೀಣ ಬ್ಯಾಂಕುಗಳು ಇದಕ್ಕೆ ಕಂತಿನ ಸಾಲ ಕೊಡುವ ರೂಢಿ ಬೆಳೆದದ್ದೂ ಹೀಗೇ. ಮಾವ ಒಂದು ದೀಪವನ್ನು ಅಡುಗೆಮನೆಗೂ ದನದ ಕೊಟ್ಟಿಗೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಇಟ್ಟಿದ್ದಾರೆ. ಒಂದೇ ದೀಪದಲ್ಲಿ ಅತ್ತೆ ರೊಟ್ಟಿ ಬಡಿಯುತ್ತಾರೆ, ಮಾವ ಹಾಲು ಹಿಂಡುತ್ತಾರೆ. ಬೆಳಗಿನ ಜಾವಕ್ಕೆ ಹಾವು ಚೇಳಿನ ಭಯ ಇಲ್ಲ. ದೊಡ್ಡ ಕಿಲೋವ್ಯಾಟ್ ಲೆಕ್ಕಕ್ಕಿಂತ ಈ ಕಿಂಡಿ ನನಗೆ ಜಾಸ್ತಿ ಹಿಡಿಸಿತು.

ಸುಗ್ಗಿ ಮುಗಿದ ಮೇಲೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋಗುವವರು ಗೋಡೆಗೆ ಕೂಡಿಸುವ ದೊಡ್ಡ ಸಾಮಾನು ಕೊಳ್ಳಬೇಡಿ. ಜೊತೆಗೆ ಒಯ್ಯಬಹುದಾದ ಸೋಲಾರ್ ಲಾಟೀನು ಒಳ್ಳೆಯದು. ಬ್ಯಾಟರಿ ಇದ್ದೇ ಇದೆ ಎಂದರೆ ಹೋಗುವ ಮೊದಲು ಪೂರ್ತಿ ಚಾರ್ಜ್ ಮಾಡಿ, ವಯರ್ ಬಿಚ್ಚಿ, ನಂಬಿಕೆಯವರ ಮನೆಯಲ್ಲಿ ಬಿಟ್ಟು ಹೋಗಿ. ಅವರು ನಡುನಡುವೆ ಚಾರ್ಜ್ ಮಾಡಿಡಲಿ. ಆಸಿಡ್ ಬ್ಯಾಟರಿ ಖಾಲಿಯಾಗಿ ನಾಲ್ಕು ತಿಂಗಳು ಕೂತರೆ ಮತ್ತೆ ಏಳುವುದಿಲ್ಲ.

ಬಿಸಿನೀರು: ನಮ್ಮ ಸವಳು ನೀರಿಗೆ ಯಾವುದು?

ಸ್ನಾನದ ನೀರಿಗೆ ನಮ್ಮ ಮನೆಗಳು ಸುಡುವುದು ಬಳ್ಳಾರಿ ಜಾಲಿ, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ಬಚ್ಚಲ ಒಲೆಯ ಮುಂದೆ ಊದುಕೊಳವೆ ಹಿಡಿದು ಕೂರುವ ಹೆಂಗಸರ ಕಣ್ಣು ನೋಡಿದರೆ ಸೋಲಾರ್ ಹೀಟರ್ ಎಷ್ಟು ದೊಡ್ಡ ಉಪಕಾರ ಎಂದು ತಿಳಿಯುತ್ತದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 4 ಯೂನಿಟ್ ಕರೆಂಟ್ ಬೇಕು. ಅಂದರೆ 1 ಕಿಲೋವ್ಯಾಟ್ ಪ್ಲೇಟ್ ಇಡೀ ದಿನ ಹುಟ್ಟಿಸುವಷ್ಟು. ಅದನ್ನೇ ಸೋಲಾರ್ ಹೀಟರ್ ಹದಿನೈದು–ಇಪ್ಪತ್ತು ಸಾವಿರದಲ್ಲಿ ಮಾಡಿ ಮುಗಿಸುತ್ತದೆ. ಕೊಟ್ಟ ದುಡ್ಡಿಗೆ ಸಿಗುವ ಸುಖದ ಲೆಕ್ಕದಲ್ಲಿ ನನ್ನ ಪ್ರಕಾರ ಇದೇ ಮೊದಲು.

ಎರಡು ಜಾತಿ ಇವೆ. ಗಾಜಿನ ಕೊಳವೆಯದ್ದು ಒಂದು, ತಾಮ್ರದ ಕೊಳವೆಯ ಚಪ್ಪಟೆ ಪೆಟ್ಟಿಗೆಯದ್ದು ಇನ್ನೊಂದು. ಪೆಟ್ಟಿಗೆಯದ್ದು ಗಟ್ಟಿ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ನಮ್ಮ ಬೋರಿನ ಸವಳು ನೀರು ಅದರ ಸಣ್ಣ ತಾಮ್ರದ ಕೊಳವೆಯಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಕಟ್ಟುತ್ತಾ ಕಟ್ಟುತ್ತಾ ನೀರು ಓಡುವುದೇ ನಿಲ್ಲುತ್ತದೆ. ಗಾಜಿನ ಕೊಳವೆ ಅಗಲ. ಸುಣ್ಣ ತಳದಲ್ಲಿ ಕೂತರೂ ವರ್ಷಕ್ಕೊಮ್ಮೆ ಕಳಚಿ ತೊಳೆದರೆ ಆಯಿತು. ಬೋರ್ ನೀರಿನ ಮನೆಗೆ ಗಾಜಿನ ಕೊಳವೆ, ತುಂಗಭದ್ರೆಯ ಕಾಲುವೆ ನೀರು ಬರುವ ಮನೆಗೆ ಎರಡರಲ್ಲಿ ಯಾವುದಾದರೂ ಸರಿ. ಆನೆಗೊಂದಿ, ಗಂಗಾವತಿಯ ಕಡೆಯವರು ಮಾತ್ರ ಮಂಗಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ನನ್ನ ಅಕ್ಕನ ಮನೆಯಲ್ಲಿ ಕೊಳವೆಗಳ ಮೇಲೆ ಕಬ್ಬಿಣದ ಜಾಳಿಗೆ ಹಾಕಿಸಿದ ಮೇಲೆ ನೆಮ್ಮದಿ ಆಯಿತು.

ಖಾಲಿ ಕೊಳವೆ ಬಿಸಿಲಿಗೆ ಕಾದಿರುವಾಗ ತಣ್ಣೀರು ಬಿಡಬೇಡಿ, ಗಾಜು ಸಿಡಿಯುತ್ತದೆ. ಟ್ಯಾಂಕ್ ತುಂಬಿಸುವುದು ಬೆಳಗಿನ ಜಾವಕ್ಕೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಆಗ ಅರ್ಧ ಕೊಳವೆಗಳ ಮೇಲೆ ಗೋಣಿಚೀಲ ಹೊದಿಸಿ.

ಬಿಸಿನೀರು ಇದ್ದೇ ಇದೆಯಲ್ಲ ಎಂದು ರೊಟ್ಟಿಯ ಎಸರಿಗೆ ಅದನ್ನೇ ತೆಗೆದುಕೊಳ್ಳುವವರು ಇದ್ದಾರೆ. ಬೋರ್ ನೀರಾಗಿದ್ದರೆ ಬೇಡ. ನಮ್ಮ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ಆ ನೀರು ಪಾತ್ರೆ ತೊಳೆಯಲು, ಸ್ನಾನಕ್ಕೆ ಇರಲಿ. ಎಸರಿಗೆ ಶುದ್ಧ ನೀರಿನ ಘಟಕದ ನೀರೇ ಆಗಬೇಕು.

ಒಲೆ: ದನ ಇದ್ದವರಿಗೆ ಗೋಬರ್ ಗ್ಯಾಸ್

ಮಾವನ ಮನೆಯಲ್ಲಿ ಐದು ದನ. ಅವರು 2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ್ದಾರೆ. ಇಟ್ಟಿಗೆ ಸಿಮೆಂಟಿನ ಗುಮ್ಮಟ, ಪೂರ್ತಿ ನೆಲದೊಳಗೆ. 1984ರಲ್ಲಿ ಬಂದ ಮಾದರಿ ಇದು. ಅದಕ್ಕೂ ಮೊದಲಿನ ತೇಲುವ ಡ್ರಮ್ಮಿನ ಮಾದರಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬಣ್ಣ ಬಳಿಯುತ್ತಾ ಇರಬೇಕು. ಈಗ ಬರುವ ರಬ್ಬರ್ ಚೀಲದ್ದು ಅಗ್ಗ, ಒಂದೇ ದಿನದಲ್ಲಿ ಕೂಡಿಸಬಹುದು. ಆದರೆ ನಮ್ಮ ಬಿಸಿಲು, ಇಲಿ, ಆಡಿನ ಗೊರಸು ಇವೆಲ್ಲವನ್ನೂ ಅದು ತಡೆಯಬೇಕು. ನೆರಳು, ಬೇಲಿ ಎರಡೂ ಮಾಡುವವರು ಮಾತ್ರ ಅದನ್ನು ಆರಿಸಿ.

2 ಘನ ಮೀಟರಿಗೆ ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು ಬೇಕು. 1 ಘನ ಮೀಟರ್ ಗ್ಯಾಸ್ ಎಂದರೆ ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಪೂರ್ತಿ ಹುಟ್ಟಿದರೆ ತಿಂಗಳಿಗೆ ಎರಡು ಸಿಲಿಂಡರಿಗೆ ಹತ್ತಿರ. ನಿಜವಾಗಿ ಅಷ್ಟು ಬರುವುದಿಲ್ಲ. ಒಂದು ಸಿಲಿಂಡರಿನಷ್ಟು ಬಂದರೂ ಲಾಭವೇ. ಗುಂಡಿಗೆ ಬಿಸಿ ಇಷ್ಟ. ಹಾಗಾಗಿ ಈ ವಿಷಯದಲ್ಲಿ ನಮ್ಮ ಬಿಸಿಲು ಮಲೆನಾಡಿನವರಿಗಿಂತ ನಮಗೆ ಒಳ್ಳೆಯದು. ಚಳಿಗಾಲದಲ್ಲಿ ಗ್ಯಾಸ್ ಸ್ವಲ್ಪ ಇಳಿಯುತ್ತದೆ.

ನಮ್ಮಲ್ಲಿ ಇದು ಸೋಲುವುದು ಎರಡು ಕಾರಣಕ್ಕೆ. ಒಂದು ನೀರು. ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಂತಿರುವಾಗ ಗುಂಡಿಗೆ 50 ಲೀಟರ್ ಎಲ್ಲಿಂದ ತರುವುದು? ಮಾವ ದನದ ಗಂಜಲವನ್ನು, ಸೋಪು ಸೇರದ ಪಾತ್ರೆ ತೊಳೆದ ನೀರನ್ನು ಅದಕ್ಕೇ ತಿರುಗಿಸಿದ್ದಾರೆ. ಇನ್ನೊಂದು ಕಾರಣ ಬರ. ಮೇವು ಸಿಗದ ವರ್ಷ ದನ ಸಂತೆಗೆ ಹೋಗುತ್ತವೆ. ಗುಂಡಿ ಒಣಗಿ ಗುಮ್ಮಟ ಬಿರುಕು ಬಿಡುತ್ತದೆ. ನಾಲ್ಕು ದನಗಳನ್ನು ಎಂಥ ವರ್ಷದಲ್ಲೂ ಉಳಿಸಿಕೊಳ್ಳುತ್ತೇವೆ ಎನ್ನುವ ಮನೆ ಮಾತ್ರ ಇದಕ್ಕೆ ಕೈ ಹಾಕಲಿ. ಎರಡು ದನ ಇದ್ದು ಪಕ್ಕದವರ ಸಗಣಿ ತರುತ್ತೇನೆ ಎಂದುಕೊಂಡವರು ಆರು ತಿಂಗಳಿಗೆ ಸಾಕಾಗಿ ಬಿಟ್ಟದ್ದನ್ನು ಕಂಡಿದ್ದೇನೆ.

ರೊಟ್ಟಿಯ ವಿಷಯ ಹೇಳದಿದ್ದರೆ ಈ ಮಾತು ಪೂರ್ತಿ ಆಗುವುದಿಲ್ಲ. ಅತ್ತೆಗೆ ದಿನಕ್ಕೆ 25 ಜೋಳದ ರೊಟ್ಟಿ ಆಗಬೇಕು. ಅದಕ್ಕೆ ಹಂಚು ತುಂಬಾ ಸಮನಾದ ಜೋರು ಉರಿ ಬೇಕು. ಗೋಬರ್ ಗ್ಯಾಸಿನ ಒತ್ತಡ ಹತ್ತು ರೊಟ್ಟಿ ದಾಟುವ ಹೊತ್ತಿಗೆ ಇಳಿಯುತ್ತದೆ. ಅವರು ಕಂಡುಕೊಂಡ ದಾರಿ ಸರಳ. ಬೇಳೆ, ಪಲ್ಯ, ಚಹಾ, ಅನ್ನ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಕಟ್ಟಿಗೆ ಒಲೆಯ ಮೇಲೆ. ಆ ಒಲೆಯೂ ಹಳೆಯ ಹೊಗೆ ಒಲೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡದವರು ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯ ಒಲೆ ಮಾಡಿದ್ದರು. ಅದೇ ತರಹದ್ದು. ಅತ್ತೆ ಅದರ ಮೂರನೆಯ ತೂತನ್ನು ಅಗಲ ಮಾಡಿಸಿ ನೀರಿನ ಹಂಡೆ ಇಟ್ಟಿದ್ದಾರೆ. ರೊಟ್ಟಿ ಮುಗಿಯುವ ಹೊತ್ತಿಗೆ ಸ್ನಾನದ ನೀರೂ ಕಾದಿರುತ್ತದೆ. ಒಂದೇ ಸಾಧನ ಎಲ್ಲವನ್ನೂ ಮಾಡಲಿ ಎಂದು ಅವರು ಹಟ ಹಿಡಿಯಲಿಲ್ಲ. ಅದಕ್ಕೇ ಅವರ ಗುಂಡಿ ಇಂದಿಗೂ ನಡೆಯುತ್ತಿದೆ.

ಸಿಲಿಂಡರಿನ ಒಲೆಗೆ ಗೋಬರ್ ಗ್ಯಾಸ್ ಪೈಪ್ ನೇರ ಕೂಡಿಸಬೇಡಿ. ಇದಕ್ಕೆ ದೊಡ್ಡ ತೂತಿನ ಬರ್ನರ್ ಇರುವ ಬೇರೆ ಒಲೆ ಬರುತ್ತದೆ. ಪೈಪಿನಲ್ಲಿ ನೀರು ಕಟ್ಟುತ್ತದೆ, ತಗ್ಗಿನ ಜಾಗದಲ್ಲಿ ಅದನ್ನು ಹೊರಗೆ ಬಿಡುವ ನಲ್ಲಿ ಇರಲಿ. ಹೊರಬರುವ ಸ್ಲರಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಮಾವನಿಗೆ ಗ್ಯಾಸಿಗಿಂತ ಅದರ ಮೇಲೇ ಪ್ರೀತಿ ಜಾಸ್ತಿ.

ಸೋಲಾರ್ ಕುಕ್ಕರ್ ಪೆಟ್ಟಿಗೆ ಬೇಳೆ ಅನ್ನಕ್ಕೆ ಸರಿ, ಎರಡು ಮೂರು ತಾಸು ಹಿಡಿಯುತ್ತದೆ, ರೊಟ್ಟಿ ಆಗುವುದಿಲ್ಲ. ಮನೆಯ ಮೇಲಿನ ಸಣ್ಣ ಗಾಳಿಯಂತ್ರ ಬೇಡವೇ ಬೇಡ. ಕುಷ್ಟಗಿ, ಯಲಬುರ್ಗಾ ಕಡೆಯ ದೊಡ್ಡ ಗಾಳಿಯಂತ್ರ ನೋಡಿ ಆಸೆಪಡಬೇಡಿ. ಗಾಳಿಯ ವೇಗ ಅರ್ಧವಾದರೆ ಕರೆಂಟ್ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಾಳಿಗೆಯ ಎತ್ತರದಲ್ಲಿ ಅಷ್ಟು ಗಾಳಿ ಸಿಗುವುದಿಲ್ಲ.

ಮಾಳಿಗೆ ಏನು ಹೇಳುತ್ತದೆ

ನಮ್ಮ ಕಡೆ ಮಾಳಿಗೆ ಎಂದರೆ ಬರೀ ಸೂರಲ್ಲ. ಮೆಣಸಿನಕಾಯಿ, ಶೇಂಗಾ, ಹಪ್ಪಳ, ಶಾವಿಗೆ ಒಣಗುವುದು ಅಲ್ಲೇ. ಬೇಸಿಗೆಯ ರಾತ್ರಿ ಮನೆಮಂದಿ ಮಲಗುವುದೂ ಅಲ್ಲೇ. 1 ಕಿಲೋವ್ಯಾಟ್‌ಗೆ 100 ಚದರ ಅಡಿ ಜಾಗ ಬೇಕು. ಎದುರು ಮನೆಯ ಅಕ್ಕ ಪ್ಲೇಟನ್ನು ಏಳು ಅಡಿ ಎತ್ತರದ ಕಂಬದ ಮೇಲೆ ಕೂಡಿಸಿದರು. ಕಬ್ಬಿಣಕ್ಕೆ ಸ್ವಲ್ಪ ಜಾಸ್ತಿ ಆಯಿತು. ಕೆಳಗೆ ಈಗ ನೆರಳು, ಹಪ್ಪಳದ ಹರವಿಗೆ ಬಿಸಿಲು ಬೇಕಾದ ಕಡೆ ಬಿಸಿಲು. ಪ್ಲೇಟಿನ ಅಡಿಯಲ್ಲಿ ಗಾಳಿ ಆಡುವುದರಿಂದ ಅದಕ್ಕೂ ಒಳ್ಳೆಯದು. ಪ್ಲೇಟಿನ ಮೈ 25 ಡಿಗ್ರಿ ಮೀರಿ ಏರಿದ ಪ್ರತಿ ಡಿಗ್ರಿಗೂ ಕರೆಂಟ್ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಬೇಸಿಗೆಯಲ್ಲಿ 60 ಡಿಗ್ರಿ ದಾಟುವ ಪ್ಲೇಟು ಹೀಗೆ ಎಂಟನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ ಬಿಸಿಲು ಇದ್ದಷ್ಟು ಯೂನಿಟ್ ಯಾಕೆ ಬರಲಿಲ್ಲ ಎಂದು ಕೇಳುವವರಿಗೆ ಉತ್ತರ ಇದು. ಎತ್ತರ ಮಾಡಿದರೆ ಬುನಾದಿ ಗಟ್ಟಿ ಇರಲಿ, ಮುಂಗಾರಿಗೆ ಮುಂಚಿನ ಬಿರುಗಾಳಿ ಸುಮ್ಮನೆ ಬಿಡುವುದಿಲ್ಲ. ಮುಖ ದಕ್ಷಿಣಕ್ಕೆ, ಇಳಿಜಾರು 15 ಡಿಗ್ರಿ ಇದ್ದರೆ ನಮ್ಮ ಸೀಮೆಗೆ ಸರಿ.

ಮಣ್ಣಿನ ಮಾಳಿಗೆ ಮನೆಯವರು ಮೇಲೆ ಏನೂ ಕೊರೆಸಬೇಡಿ. ಮಳೆಗಾಲಕ್ಕೆ ಸೋರುತ್ತದೆ. ನೀರು ತುಂಬಿದ 100 ಲೀಟರ್ ಹೀಟರ್ ಒಂದೂವರೆ ಕ್ವಿಂಟಲ್ ತೂಗುತ್ತದೆ. ಹಿತ್ತಲಲ್ಲಿ ಕಂಬ ನೆಟ್ಟು ಪ್ಲೇಟ್ ಕೂಡಿಸಿ, ಹೀಟರಿಗೆ ಬೇರೆ ಕಟ್ಟೆ ಕಟ್ಟಿಸಿ.

ಧೂಳಿನ ಲೆಕ್ಕವೂ ಇದೆ. ಸಂಡೂರಿನ ಅದಿರು ಲಾರಿಗಳ ರಸ್ತೆ, ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ಉಷ್ಣ ವಿದ್ಯುತ್ ಸ್ಥಾವರದ ಸುತ್ತಲಿನ ಹಾರುಬೂದಿ. ಇಂಥ ಕಡೆ ವಾರಕ್ಕೊಮ್ಮೆಯಾದರೂ ಒರೆಸಬೇಕು. ಬೆಳಗ್ಗೆ ಪ್ಲೇಟ್ ತಣ್ಣಗಿರುವಾಗ, ಮೆತ್ತನೆ ಬಟ್ಟೆಯಿಂದ. ಸವಳು ನೀರು ಒಣಗಿದರೆ ಬಿಳಿ ಕಲೆ ಕೂರುತ್ತದೆ, ಕಾಲುವೆ ನೀರು ಇಲ್ಲವೇ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಹತ್ತಲು ಗಟ್ಟಿಯಾದ ಏಣಿ ಇರಲಿ.

ಅಡ್ವಾನ್ಸ್ ಕೊಡುವ ಮೊದಲು

ಎದುರು ಮನೆಯ ಅಕ್ಕ ಈಗ ಒಂದು ಸಣ್ಣ ಇನ್ವರ್ಟರ್, ಒಂದು ಬ್ಯಾಟರಿ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಮೇಲಿನ ಪ್ಲೇಟ್ ಬಿಲ್ ನೋಡಿಕೊಳ್ಳುತ್ತದೆ, ಕೆಳಗಿನ ಬ್ಯಾಟರಿ ಫ್ಯಾನ್ ನೋಡಿಕೊಳ್ಳುತ್ತದೆ. ಅವರ ತಂಗಿ ಮಾನ್ವಿಯಲ್ಲಿ ಹಾಕಿಸಲು ಹೊರಟಾಗ ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಅಂಗಡಿಯಲ್ಲಿ ನಾವು ಕೇಳಿದ್ದು ಇಷ್ಟು. ಕರೆಂಟ್ ಹೋದರೆ ಇದು ನಡೆಯುತ್ತದಾ ಇಲ್ಲವಾ, ಬಿಲ್ಲಿನ ಹಿಂದೆ ಬರೆದುಕೊಡಿ. ವಾರಂಟಿ ಪ್ಲೇಟಿಗೆ ಎಷ್ಟು, ಇನ್ವರ್ಟರಿಗೆ ಎಷ್ಟು, ಬ್ಯಾಟರಿಗೆ ಎಷ್ಟು, ಬೇರೆ ಬೇರೆ ಹೇಳಿ. ಸಹಾಯಧನ ನಿಂತರೆ ಅದರ ಹಿಂದೆ ಓಡಾಡುವವರು ಯಾರು? ರಿಪೇರಿಗೆ ಬರುವ ಹುಡುಗ ಯಾವ ಊರಿನವನು? ಬೆಂಗಳೂರಿನಿಂದ ಬರಬೇಕು ಎಂದರು. ನಾವು ಎದ್ದು ಬಂದೆವು. ಮೂರನೆಯ ಅಂಗಡಿಯವರು ನಾಲ್ಕಕ್ಕೂ ಉತ್ತರ ಬರೆದುಕೊಟ್ಟರು. ಅವರ ಹುಡುಗ ಅದೇ ಓಣಿಯವನು. ಅಲ್ಲೇ ಅಡ್ವಾನ್ಸ್ ಕೊಟ್ಟು ಬಂದೆವು.